ಬೀಗರ ಮನೆಯ ನೀರು

ನೀರು ಪರೀಕ್ಷೆಯ ಕಚೇರಿಯಿಂದ ಬಾಟಲಿಗಳ ಡಬ್ಬ ಹೊತ್ತು ಮನೆಮನೆಗೆ ಹೋಗುವ ಆ ಹೆಂಗಸಿಗೆ ಊರವರು ಇಟ್ಟ ಹೆಸರು ನೀರಕ್ಕ. ಇಟ್ಟವರು ಯಾರೋ, ಅಂಟಿಕೊಂಡದ್ದು ಮಾತ್ರ ಗಟ್ಟಿಯಾಗಿ. ಗಂಡ ತೀರಿಕೊಂಡ ಮೇಲೆ ಇದೇ ಕೆಲಸದಲ್ಲಿ ಇದ್ದೊಬ್ಬ ಮಗಳನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು. ಕೆಲಸಕ್ಕೆ ನಿಂತರೆ ಅವಳಿಗೆ ಮುಲಾಜೆಂಬುದಿಲ್ಲ. ಬಾಗಿಲು ತೆರೆದವರು "ಕೂತ್ಕೊಳ್ಳಿ" ಎನ್ನುವ ಮೊದಲೇ ಅಡುಗೆಮನೆ ಸೇರಿ, ಹೊರಗಿನ ಕ್ರಿಮಿ ಸಾಯಲೆಂದು ನಲ್ಲಿಯ ಬಾಯನ್ನು ಉರಿ ಹಿಡಿದು ಸುಟ್ಟು, ಸ್ವಲ್ಪ ನೀರು ಹರಿಯಬಿಟ್ಟು, ಬಾಟಲಿ ತುಂಬಿಸುತ್ತಾಳೆ. ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಇರುತ್ತದೆ. ನೀರಿನಲ್ಲಿರುವ ಕ್ಲೋರಿನ್ ಬಾಟಲಿಯೊಳಗೂ ಕ್ರಿಮಿ ಕೊಲ್ಲುತ್ತ ಕೂರಬಾರದು, ನಲ್ಲಿಯಲ್ಲಿ ಇದ್ದದ್ದು ಇದ್ದ ಹಾಗೇ ಕಾಣಬೇಕು ಎಂದು ಹಾಕಿಡುವ ಪುಡಿ ಅದು. ಕೊಳೆ ಎಂದುಕೊಂಡು ಅದನ್ನು ತೊಳೆಯಲು ಹೋದವರನ್ನು ಅವಳು ಗದರದೆ ಬಿಟ್ಟದ್ದಿಲ್ಲ. "ನಾನು ನೋಡೋಕೆ ಬಂದಿರೋದು ನಿಮ್ಮ ನೀರನ್ನ ಕಣಮ್ಮ, ನಿಮ್ಮ ಮರ್ಯಾದೇನಲ್ಲ. ಮುಟ್ಟಬೇಡಿ!"

ಇಂಥ ಬಾಯಿಗೂ ಬೀಗ ಬೀಳುತ್ತಿದ್ದ ಜಾಗವೆಂದರೆ ಬೀಗರ ಮನೆ. ಮಗಳ ಅತ್ತೆ ಕೆಟ್ಟವಳೇನಲ್ಲ, ಆದರೆ ಒರೆಸಿದ ನೆಲವನ್ನೇ ಮತ್ತೆ ಒರೆಸುವ ಹೆಂಗಸು. ಆ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳಿಗೆ ಭೇದಿ ಹತ್ತಿತು. ಔಷಧಿಗೆ ನಿಂತಿತು, ಮತ್ತೆ ಶುರುವಾಯಿತು. ಗುಂಡುಗುಂಡಗಿದ್ದ ಕೂಸು ಸೊರಗಿ ಕಡ್ಡಿಯಾಯಿತು. ಮನೆಯವರು ಕುಡಿಯುವುದು ಕುದಿಸಿದ ನೀರು, ಹಾಗಾಗಿ ನೀರಿನ ಮೇಲೆ ಯಾರಿಗೂ ಅನುಮಾನವಿಲ್ಲ. ಉಳಿದದ್ದು ಸೊಸೆ. "ಮಗೂಗೆ ತಿನ್ನಿಸೋ ಮುಂಚೆ ಕೈ ತೊಳೀತಾಳೋ ಇಲ್ವೋ, ದೇವರೇ ಬಲ್ಲ" ಎಂದು ಅತ್ತೆ ಪಕ್ಕದ ಮನೆಯವಳ ಹತ್ತಿರ ಅಂದದ್ದು ಸೊಸೆಯ ಕಿವಿಗೇ ಬಿತ್ತು.

ಮಗಳು ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. ನೀರಕ್ಕನ ಕೈ ಆಗಲೇ ಬಾಟಲಿಗಳ ಡಬ್ಬದ ಕಡೆ ಹೋಯಿತು. ಆದರೂ ಬೀಗಿತ್ತಿಯ ಅಡುಗೆಮನೆಗೆ ಡಬ್ಬ ಹಿಡಿದು ನುಗ್ಗಿದರೆ, ನಿಮ್ಮ ಮನೆ ಗಲೀಜು ಎಂದು ಮುಖಕ್ಕೇ ಹೇಳಿದಂತೆ. ನಾಳೆ ಅದರ ಬಿಸಿ ತಗಲುವುದು ಮಗಳಿಗೆ. ಕೊನೆಗೆ ಅಳಿಯನ ಕೈಗೆ ಒಂದು ಬಾಟಲಿ ಕೊಟ್ಟು, "ನಿಮ್ಮಮ್ಮನಿಗೆ ಹೇಳಿ ತುಂಬಿಸ್ಕೊಂಡು ಬಾಪ್ಪಾ" ಎಂದಳು. ಊರಿಗೆಲ್ಲ ಹೇಳುವ ಕಟ್ಟುನಿಟ್ಟುಗಳಲ್ಲಿ ಒಂದನ್ನೂ ಹೇಳಲಿಲ್ಲ. ಬೀಗಿತ್ತಿಗೆ ಬುದ್ಧಿ ಹೇಳಿದ ಹಾಗಾದೀತು ಎಂಬ ಸಂಕೋಚ.

ಫಲಿತಾಂಶ ಬಂತು. ಕ್ರಿಮಿಯ ಸುಳಿವೇ ಇಲ್ಲ, ನೀರು ಅಪ್ಪಟ.

ನೀರಕ್ಕ ಎಡವಿದ್ದು ಇಲ್ಲೇ. ಜೀವಮಾನವೆಲ್ಲ ಪ್ರಯೋಗಾಲಯದ ಮಾತನ್ನು ನಂಬಿದವಳು ಅಂದೂ ನಂಬಿದಳು. ಸಂಜೆ ಮಗಳಿಗೆ ಫೋನು ಮಾಡಿ, ದನಿ ತಗ್ಗಿಸಿ ಕೇಳಿದಳು: "ನೀರೇನೋ ಚೆನ್ನಾಗಿದೆ ಕಣೇ. ನಿಜ ಹೇಳು, ಮಗು ಬಟ್ಟೆ ಬದಲಾಯಿಸಿದ ಮೇಲೆ ಸೋಪು ಹಾಕಿ ಕೈ ತೊಳೀತೀಯ ತಾನೆ?"

"ತೊಳೀತೀನಮ್ಮ" ಎಂದು ಮಗಳು ಫೋನು ಇಟ್ಟುಬಿಟ್ಟಳು.

ಕೆಲವು ದಿನಕ್ಕೆ ಮಗುವಿಗೆ ಮತ್ತೆ ಭೇದಿ, ಈ ಸಲ ಆಸ್ಪತ್ರೆ. ನೋಡಲು ಓಡಿಬಂದ ನೀರಕ್ಕನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಬೀಗಿತ್ತಿ ತನ್ನ ಸಂಕಟ ಹೇಳಿಕೊಂಡಳು. "ನನ್ನ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲ ಬೀಗ್ರೇ. ನೀವು ನೀರು ಕೇಳಿ ಕಳಿಸಿದ್ರಲ್ಲ, ಹಿಂದಿನ ದಿನವೇ ಸಂಪು ಖಾಲಿ ಮಾಡ್ಸಿ, ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಹಾಕ್ಸಿದೆ. ನಿಮ್ಮ ಬಾಟಲೀನೂ ನಾನೇ ತೊಳೆದೆ. ಬೇಜಾರು ಮಾಡ್ಕೋಬೇಡಿ, ನಿಮ್ಮ ಆಫೀಸಿನೋರು ಅದನ್ನ ನೆಟ್ಟಗೆ ತೊಳೆದೇ ಇರಲಿಲ್ಲ. ತಳದಲ್ಲಿ ಏನೋ ಪುಡಿ!"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ನೀರಕ್ಕನಿಗೆ ತಿಳಿಯಲಿಲ್ಲ. ಸಂಪಿನಲ್ಲಿ ಸಾಯದೆ ಉಳಿದ ಕ್ರಿಮಿಯನ್ನೂ ಪುಡಿಯಿಲ್ಲದ ಬಾಟಲಿಯಲ್ಲಿ ಬ್ಲೀಚಿಂಗಿನ ಕ್ಲೋರಿನ್ ಕೊಂದು ಹಾಕಿತ್ತು. ನೆಂಟರು ಬರುತ್ತಾರೆಂದು ಮನೆ ಗುಡಿಸುವ ಹಾಗೆ ಪುಣ್ಯಾತ್ಗಿತ್ತಿ ನೀರನ್ನೂ ಗುಡಿಸಿ ಕಳಿಸಿದ್ದಳು!

"ತಪ್ಪು ನನ್ನದು ಬೀಗ್ರೇ, ಹೇಗೆ ಹಿಡೀಬೇಕು ಅಂತ ಹೇಳದೆ ಕಳಿಸಿದೆ. ಈಗಲೇ ನಿಮ್ಮ ಮನೆಗೆ ಹೋಗೋಣ ನಡೀರಿ. ಏನನ್ನೂ ತೊಳೀಬೇಡಿ, ದಮ್ಮಯ್ಯ."

ಈ ಸಲ ತಾನೇ ನಲ್ಲಿ ಸುಟ್ಟು ನೀರು ಹಿಡಿದಳು. ಸಂಪಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಅದರಾಚೆಗೇ ಪಾಯಿಖಾನೆಯ ಕೊಳವೆ. ಫಲಿತಾಂಶದಲ್ಲಿ ಮಲದ ಕ್ರಿಮಿ ಎಂದು ಬಂತು. ಕುಡಿಯುವ ನೀರನ್ನೇನೋ ಕುದಿಸುತ್ತಿದ್ದರು, ಆದರೆ ಮಗುವಿನ ಲೋಟ, ಚಮಚ, ಅದಕ್ಕೆ ತಿನ್ನಿಸುವ ಕೈ ಎಲ್ಲವನ್ನೂ ತೊಳೆಯುತ್ತಿದ್ದದ್ದು ಈ ನೀರಿನಲ್ಲೇ. ದೊಡ್ಡವರ ಹೊಟ್ಟೆ ಹೇಗೋ ತಡೆದುಕೊಂಡಿತ್ತು, ಕೂಸಿನದು ತಡೆಯಲಿಲ್ಲ.

ವಿಷಯ ಕೇಳಿದ ಬೀಗಿತ್ತಿ ನೆಟ್ಟಗೆ ಸೊಸೆಯ ಹತ್ತಿರ ಹೋಗಿ, "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ತಾಯೀ, ಮನಸ್ಸಲ್ಲಿ ಇಟ್ಕೋಬೇಡ" ಎಂದು ಕಣ್ಣೊರೆಸಿಕೊಂಡಳು. ಸಂಪಿನ ರಿಪೇರಿ ಮುಗಿಯುವ ತನಕ ನೀರಿಗೆ ಪಕ್ಕದ ಮನೆಯೇ ಗತಿಯಾಯಿತು. ಅಲ್ಲಿಗೆ ಬಿಂದಿಗೆ ಹಿಡಿದು ಹೋದವಳು, ತಪ್ಪು ಸೊಸೆಯದಲ್ಲ, ನಮ್ಮ ಸಂಪಿನದು ಎಂದು ಎಲ್ಲರೆದುರಿಗೆ ಗಟ್ಟಿಯಾಗಿ ಹೇಳಿ ಬಂದಳು. ಅಷ್ಟು ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಮಗು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ನೀರಕ್ಕ ನೋಡಿಕೊಂಡು ಹೋಗಲು ಬಂದಳು. ಹೊರಟಾಗ ಮಗಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ತನಕ ಬಂದಳು.

"ಎಲ್ಲಾ ಒಳ್ಳೇದಾಯ್ತು ಬಿಡು. ನಿಮ್ಮತ್ತೆ ಅಂದಿದ್ದನ್ನ ಮರೆತುಬಿಡು" ಎಂದಳು ನೀರಕ್ಕ.

"ಅತ್ತೆ ಅಂದಿದ್ದನ್ನ ಆವತ್ತೇ ಮರೆತೆ. ಅವರೇನು ನನ್ನ ಹೆತ್ತೋರಲ್ಲ" ಎಂದಳು ಮಗಳು. "ನೀನೂ ಕೇಳಿದೆಯಲ್ಲಮ್ಮ, ಕೈ ತೊಳೀತೀಯ ತಾನೆ ಅಂತ."

ಫಲಿತಾಂಶದ ಕಾಗದದಲ್ಲಿ ಹಾಗೆ ಬಂದಿತ್ತು ಎಂದು ನೀರಕ್ಕ ಅನ್ನಬಹುದಿತ್ತು, ಅನ್ನಲಿಲ್ಲ. "ತಪ್ಪಾಯ್ತು ಮಗಳೇ" ಎಂದಳು, ಬೀದಿಯಲ್ಲೇ ನಿಂತು.

ಕೂಸು ಅಜ್ಜಿಯ ಕಡೆ ಕೈ ಚಾಚಿತು. ಮಗಳು ಒಂದು ಗಳಿಗೆ ತಡೆದು, ಆಮೇಲೆ ಕೊಟ್ಟಳು.