ತೂತಾದ ಹೋಬಾ ಎಲೆ

ಹೀದಾ ಬೆಟ್ಟಗಳ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ರಸ್ತೆಬದಿಯ ತಮ್ಮ ಪುಟ್ಟ ಖಾನಾವಳಿಯ ಕಿಟಕಿಯಲ್ಲಿ ನಿಂತು, ಇತ್ಸುಯೊ ಮೊಳದುದ್ದದ ಒಣ ಹೋಬಾ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದಾರೆ. ಸೂಜಿಮೊನೆಯಷ್ಟು ತೂತಿದ್ದರೂ ಎಲೆಯ ಮೇಲೆ ಸುಡುವ ಮಿಸೋ ಎಂಬ ಹುದುಗಿಸಿದ ಸೋಯಾ ಗೊಜ್ಜು ಕೆಂಡಕ್ಕೆ ಸೋರುತ್ತದೆ. ಆದರೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ.

ಎಲೆ ತಾನಾಗಿ ಉದುರಬೇಕು. ಹಿಮ ಬೀಳುವ ಮುಂಚೆ ಆಯ್ದು, ಉಪ್ಪುನೀರಲ್ಲಿ ನೆನೆಸಿ ಒಣಗಿಸಬೇಕು. "ಕಿತ್ತರೆ ಮರಕ್ಕೆ ಸಿಟ್ಟು ಬರುತ್ತೆ ಅಂತಿದ್ರು ನಮ್ಮತ್ತೆ. ಮರದ ಸಿಟ್ಟು ನಾ ಕಾಣೆ, ಅತ್ತೆ ಸಿಟ್ಟು ಕಂಡಿದೀನಿ," ಎಂದು ನನ್ನತ್ತ ನೋಡಿ ನಗುತ್ತಾರೆ.

ಮರ ಕಡಿಯುತ್ತಿದ್ದ ಗಂಡ ತೀರಿಕೊಂಡು, ಎದುರಿನ ಮರದ ಮಿಲ್ಲೂ ಮುಚ್ಚಿದ ಮೇಲೆ, ಕಾಡಿಗೆ ಅವರೊಬ್ಬರೇ ಹೋಗುತ್ತಾರೆ. ಕರಡಿ ದೂರವಿರಲೆಂದು ಸೊಂಟಕ್ಕೊಂದು ಗಂಟೆ. "ದಿನವಿಡೀ ಅದು ಬಿಟ್ರೆ ಬೇರೆ ಸದ್ದಿಲ್ಲ. ಒಂದೊಂದ್ಸಲ ಕರಡಿಯಾದ್ರೂ ಬರಲಿ ಅನ್ಸುತ್ತೆ."

ಬೆಂಚುಗಳಲ್ಲಿ ಜಾಗವಿಲ್ಲದೆ ಜನ ನಿಂತು ಉಣ್ಣುತ್ತಿದ್ದ ಕಾಲವಿತ್ತಂತೆ. ಈಗ ಬೆಳಿಗ್ಗೆ ಬರುವುದು ರಸ್ತೆಯ ಹಿಮ ತೆಗೆಯುವ ಲಾರಿಯ ಚಾಲಕ ಕಾನ್‌ಜಿ ಮಾತ್ರ. ಅವನ ಮುಂದೆ ಕೆಂಡದೊಲೆ, ಎಲೆ, ಎಲೆಯ ಮೇಲೆ ಮಿಸೋ, ಈರುಳ್ಳಿ ಸೊಪ್ಪು, ಅಣಬೆ. ಇತ್ಸುಯೊ ಅನ್ನ ತರಲು ತಿರುಗಿದಾಗ ಕೆಂಡ ಚುರ್ರೆನ್ನುತ್ತದೆ. ಕಾನ್‌ಜಿ ಅವರ ಬೆನ್ನನ್ನೊಮ್ಮೆ ನೋಡಿ, ಮೈಯೆಲ್ಲ ಚಾಚಿ ಮೂಲೆಯ ಬುಟ್ಟಿಯಿಂದ ಇನ್ನೊಂದು ಎಲೆ ತೆಗೆದು, ಸೋರುವ ಎಲೆಯ ಅಡಿಗೆ ಸರಿಸುತ್ತಾನೆ.

"ಹೇಗಿದೆಯೋ?"

"ಉಪ್ಪು ಜಾಸ್ತಿ, ಅಜ್ಜಿ."

"ಹೊಟ್ಟೆ ಬಿರಿಯೋವಷ್ಟು ತಿಂದು ಈಗ ಹೇಳ್ತೀಯಾ!"

ಅವನು ನಗುತ್ತ ಲಾರಿ ಹತ್ತುತ್ತಾನೆ. ಸದ್ದು ತಿರುವಿನಾಚೆ ಅಡಗುವವರೆಗೂ ಅವರು ಬಾಗಿಲಲ್ಲೇ ನಿಲ್ಲುತ್ತಾರೆ.

"ಕಣ್ಣು ಹೋದ್ರೇನು, ಮೂಗಿದೆಯಲ್ಲ," ಎನ್ನುತ್ತಾರೆ ಒಳಬಂದು. "ಕೆಂಡಕ್ಕೆ ಬಿದ್ದ ಮಿಸೋ ವಾಸನೆ ನನಗೆ ತಿಳಿಯಲ್ವಾ? ಹಿಮ ಶುರುವಾದಾಗಿಂದ ಮುಚ್ಚಿಡ್ತಿದಾನೆ. ತೂತೆಲೆ ಇಡೋ ದಿನ ಅಂಗಡಿ ಮುಚ್ತೀನಿ ಅಂತ ನಾನೇ ಹೇಳಿದ್ದೆ. ಮುಚ್ಚಿದ್ರೆ ಈ ಬಾಗಿಲು ಸರಿಸೋರು ಯಾರು?"

ಇದನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳುತ್ತೇನೆ.

"ಬರೀರಿ. ಅವನು ಪೇಪರ್ ಕೊಳ್ಳೋದು ಒದ್ದೆ ಬೂಟಿಗೆ ತುರುಕೋಕೆ."

ಮತ್ತೆ ಎದ್ದು, ಮೂಲೆಯ ಬುಟ್ಟಿಯನ್ನು ಎಳೆದು ತಂದು ಕಾನ್‌ಜಿ ಕೂರುವ ಜಾಗದ ಪಕ್ಕಕ್ಕೇ ಇಡುತ್ತಾರೆ.

"ಪಾಪ, ದಿನಾ ಅಷ್ಟು ದೂರ ಕೈ ಚಾಚ್ತಾನೆ."