ಹತ್ತಿಯ ಅಂಗಳದಲ್ಲಿ ಹಕಾರ

ತರಕಾರಿಯವಳೊಡನೆ ಮಾತಾಡುವಾಗ ನನ್ನ ಹಕಾರ ತಾನಾಗಿಯೇ ಉದುರಿಹೋಗುತ್ತದೆ. ಡಾಕ್ಟರರ ಮುಂದೆ ಕೂತೊಡನೆ ಸೆರಗು ಸರಿಪಡಿಸಿಕೊಂಡು ಹಾಜರಾಗುತ್ತದೆ. ಇದನ್ನು ಡಿಸ್‌ಆನೆಸ್ಟ್ ಎಂದು ನೀವು ಕರೆದರೆ ನನ್ನದೇನೂ ಆಕ್ಷೇಪವಿಲ್ಲ. ಮೂವತ್ತರ ದಶಕದ ಆದವಾನಿಯಲ್ಲಿ ನಮ್ಮ ಸಣ್ಣ ಕನ್ನಡ ಸಮುದಾಯಕ್ಕೆ ಈ ಕಲೆ ಹುಟ್ಟಿನಿಂದಲೇ ಬರುತ್ತಿತ್ತು: ಪೂಜೆಗೆ 'ಶಿವ', ವ್ಯಾಪಾರದ ಅಂಗಳಕ್ಕೆ 'ಸಿವ', ತೆಲುಗು ದಲ್ಲಾಳಿ ಬಂದರೆ ಇನ್ನೊಂದು ರಾಗ. ಬಳ್ಳಾರಿಯ ಕಾನ್ವೆಂಟಿನಿಂದ ಪರ್ಫೆಕ್ಟ್ ಡಿಕ್ಷನ್ ಹೊತ್ತು ರಜೆಗೆ ಬಂದ ನನಗೊಬ್ಬಳಿಗೇ ಅದು ಮರೆತಿತ್ತು.

ಆ ವರ್ಷ ಅಪ್ಪ ತೀರಿಕೊಂಡು, ಹತ್ತಿ ಕೊಳ್ಳುವ ಚಾಪೆಯ ಮೇಲೆ ಅವ್ವ ಕೂತಿದ್ದಳು. ಗಂಡಸರು ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವುದು ಅಲ್ಲಿನ ಪದ್ಧತಿ. ಪರಗಂಡಸಿನ ಕೈ ಹಿಡಿಯಲಾಗದ ವಿಧವೆಗೆ ಉಳಿದದ್ದು ಬಾಯಿಯೊಂದೇ. ಸೀಸನ್ನಿನ ಮೊದಲ ಗಾಡಿ ಕೈತಪ್ಪಿದರೆ ಉಳಿದ ರೈತರೂ ಬರುವುದಿಲ್ಲ, ಚಾಪೆ ಚಿಕ್ಕಪ್ಪನ ಪಾಲಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಮೊದಲ ಗಾಡಿ, ವರ್ಷವೂ ಅಪ್ಪನಿಗೇ ಹತ್ತಿ ಹಾಕುತ್ತಿದ್ದ ಬೆಳಗಲ್ಲಿನ ಈರಣ್ಣನದು.

"ಅತ್ತಿ ಚೊಲೋ ಐತಿ ಈರಣ್ಣ. ವಲದಾಗ ಇನ್ನಾ ಎಷ್ಟೈತಿ?" ಎಂದಳು ಅವ್ವ.

ನನಗೆ ನಾಚಿಕೆಯಾಯಿತು. "ಅತ್ತಿ ಅಲ್ಲವ್ವಾ, ಹತ್ತಿ. ಹೊಲ!" ಎಂದು ಕ್ಲಾಸಿನ ಸಿಸ್ಟರಂತೆ ತಿದ್ದಿದೆ.

"ನಿನ್ ಮಗಳು ದೊರೆಸಾನಿ ಆಗ್ಯಾಳ ಬಿಡವ್ವಾ!" ಈರಣ್ಣ ನಕ್ಕ.

ಅವ್ವನ ಮುಖ ಕೆಂಪಾಯಿತು. ಮುಂದಿನ ಮಾತಿನಲ್ಲಿ 'ಹತ್ತಿ' ಎಂದಳು, ಶುದ್ಧವಾಗಿ, ಸಾಹುಕಾರರ ಮನೆಯೊಳಗಿನ ನಾಲಿಗೆಯಲ್ಲಿ. ಅವನ ನಗೆ ನಿಂತಿತು. 'ಅವ್ವಾ' ಹೋಗಿ 'ಅಮ್ಮನೋರು' ಬಂತು.

"ಎಮ್ಮಿಗನೂರ ಪ್ಯಾಟ್ಯಾಗ ಒಂದ್ ಮಾತು ದರ ಕೇಳಿ ನೋಡ್ತೀನ್ರಿ ಅಮ್ಮನೋರೆ" ಎಂದು ಎತ್ತು ತಿರುಗಿಸಿದ.

ಅವ್ವ ಬಯ್ಯಲಿಲ್ಲ. "ಒಳಗ ನಾ ನಿಮ್ಮವ್ವ. ಇಲ್ಲಿ ಕುಂತಾಗ ನಾ ನಿಮ್ಮಪ್ಪ. ಅಪ್ಪನ ಬಾಯಿ ತಿದ್ದೀಯೇನ ಒಂದಿನಾರ?"

ತಿದ್ದಿರಲಿಲ್ಲ. ಅಪ್ಪನೂ ಅಂಗಳದಲ್ಲಿ ಹೀಗೆಯೇ ಮಾತಾಡುತ್ತಿದ್ದರು. ನನ್ನ ಕಿವಿಗೆ ಅದು ತಪ್ಪೆನಿಸಿರಲೇ ಇಲ್ಲ. ಗಾಡಿಯ ಹಿಂದೆ ಓಡಿದೆ. ಕಾನ್ವೆಂಟಿನ ವರ್ಷಗಳನ್ನೆಲ್ಲ ಒಂದೇ ಗುಟುಕಿಗೆ ನುಂಗಿ, "ಓಗಬ್ಯಾಡ ಮಾವಾ! ಅತ್ತಿ ನಮಗಽ ಕೊಡು!" ಎಂದು ಕೂಗಿದೆ.

ಈರಣ್ಣ ಹೊಟ್ಟೆ ಹಿಡಿದು ನಕ್ಕ. "ನಿನ್ ಬಾಯಿಗೆ ಒಪ್ಪಂಗಿಲ್ಲ ಬಿಡು ತಾಯಿ. ನಿಮ್ಮವ್ವ ಅನ್ಲಿ, ನೋಡೂನು."

ತಿರುಗಿ ನೋಡಿದೆ. ಬೀದಿಗೆ ಎಂದೂ ದನಿ ಕೇಳಿಸದ ಅವ್ವ ಅಂಗಳದ ಬಾಗಿಲಿಗೆ ಬಂದು, ಥೇಟ್ ಅಪ್ಪನಂತೆ ಗದರಿದಳು:

"ಅತ್ತಿ ಇಳಸೋ, ಈರಾ!"

ಈರಣ್ಣ ಹಗ್ಗ ಎಳೆಯುವ ಮೊದಲೇ ಎತ್ತುಗಳು ತಿರುಗಿದ್ದವು.