ಮಾವ ಕೂತ ರೇಸ್ ಕಾರು

ನನ್ನ ತಮ್ಮ ಕಟ್ಟಿದ ರೇಸ್ ಕಾರು ತನ್ನ ಆಯುಷ್ಯದಲ್ಲಿ ಸ್ವಂತ ಬಲದಿಂದ ಓಡಿದ್ದು ಕುದ್ರೋಳಿಯ ಗೋದಾಮಿನಿಂದ ಬೀದಿಯ ಕೊನೆಯವರೆಗೆ ಮಾತ್ರ. ಅಲ್ಲಿ ತಿರುಗಿಸಲು ಜಾಗ ಸಾಲದೆ ನಾವೇ ತಳ್ಳಿಕೊಂಡು ವಾಪಸು ತಂದೆವು. ಈಗಲೂ ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಇಂಜಿನ್ ಸರಿಯಿರಲಿಲ್ಲ ಎನ್ನುತ್ತಾರೆ. ಇಂಜಿನಿನದ್ದು ಏನೂ ತಪ್ಪಿರಲಿಲ್ಲ. ತಪ್ಪು ನನ್ನದು.

ತಮ್ಮ ಏಳು ವರ್ಷ ಗಲ್ಫಿನಲ್ಲಿ ವೆಲ್ಡಿಂಗ್ ಮಾಡಿ ಬಂದವನು. ಹಾಗೆ ಬಂದವರು ಸಾಮಾನ್ಯವಾಗಿ ಮನೆಗೆ ಇನ್ನೊಂದು ಮಾಳಿಗೆ ಏರಿಸುತ್ತಾರೆ. ಇವನು ಸೋದರಮಾವನ ಹೋಟೆಲಿನ ಹಳೆಯ ಬೆಂಚುಗಳಿದ್ದ ಗೋದಾಮನ್ನು ಕೇಳಿ ಪಡೆದು, ಹೊಟ್ಟೆಪಾಡಿಗೆ ಕಿಟಕಿಯ ಗ್ರಿಲ್ ಮಾಡುತ್ತ, ಉಳಿದ ಹೊತ್ತಿನಲ್ಲಿ ಒಬ್ಬನೇ ಕೂರುವ ಕಾರು ಕಟ್ಟತೊಡಗಿದ. ಗುಜರಿಯಿಂದ ತಂದ ಇಂಜಿನ್, ತಾನೇ ಬೆಸೆದ ಪೈಪಿನ ಚೌಕಟ್ಟು. ಸುರತ್ಕಲ್ ಕಡೆಯ ಮೈದಾನವೊಂದರಲ್ಲಿ ಮಣ್ಣಿನ ಮೇಲೆ ರೇಸ್ ನಡೆಯುವುದಿತ್ತು. ಅದರಲ್ಲಿ ಒಂದೇ ಒಂದು ಸಲ ಓಡಿಸಬೇಕು, ಅಷ್ಟೇ ಅವನ ಆಸೆ. ಗೆಲ್ಲಬೇಕೆಂದು ಅವನು ಎಂದೂ ಹೇಳಿದ್ದಿಲ್ಲ. ಎರಡು ವರ್ಷ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಹೆಣ್ಣು ನೋಡಲು ಹೋದಲ್ಲಿಯೂ ಕಾರಿನ ಸಸ್ಪೆನ್ಷನ್ ಬಗ್ಗೆ ಮಾತಾಡಿ ಬಂದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಗೊಣಗುತ್ತಲೇ ಅಮ್ಮ ಗೋದಾಮಿಗೆ ಊಟ ಕಳಿಸುತ್ತಿದ್ದಳು.

ನಮ್ಮಲ್ಲಿ ಸೋದರಮಾವನೇ ಯಜಮಾನ. ಮನೆಗೆ ಯಾವ ಹೊಸ ಗಾಡಿ ಬಂದರೂ ಮೊದಲು ಕೂರುವುದು ಅವರು. ನನ್ನ ಸ್ಕೂಟರಿನ ಮೇಲೆ ಮೊದಲು ಕೂತದ್ದೂ ಅವರೇ. ವಾಷಿಂಗ್ ಮೆಷಿನಿನಲ್ಲಿ ಕೂರಲಾಗದ ಕಾರಣ ಸ್ವಿಚ್ ಒತ್ತಿದರು. ಮಾವ ಬಹಳ ಒಳ್ಳೆಯವರು, ಆದರೆ ನಲವತ್ತು ವರ್ಷ ತಮ್ಮದೇ ಹೋಟೆಲಿನಲ್ಲಿ ಉಂಡವರು.

ರೇಸಿಗೆ ಎಂಟು ದಿನವಿರುವಾಗ, ಅತ್ತಾವರದ ಲ್ಯಾಬಿನ ಕೆಲಸ ಮುಗಿಸಿ ಗೋದಾಮಿಗೆ ಹೋದ ನಾನು ಕಾರನ್ನು ಒಂದು ಸುತ್ತು ನೋಡಿದೆ.

“ಮಾವ ಇದರಲ್ಲಿ ಹಿಡಿಯುದಿಲ್ಲ ಮಾರಾಯ,” ಎಂದೆ.

“ರೇಸ್ ಕಾರಿಗೆ ಮಾವ ಎಂತಕ್ಕೆ ಅಕ್ಕ?”

“ಮಾವ ಕೂರದೆ ಓಡ್ಸಿ ನಾಳೆ ಎಂತಾದ್ರೂ ಆದ್ರೆ ಅಮ್ಮನಿಗೆ ಉತ್ತರ ಕೊಡುದು ಯಾರು? ನೀನಾ?”

ಅವನು ಟೇಪು ಹಿಡಿದು ಅಳೆದ. ಅಡ್ಡಿಯಾಗಿದ್ದುದು ಸೀಟಿನ ಹಿಂದೆ ಕಮಾನಿನಂತೆ ಬಾಗಿದ ದಪ್ಪ ಪೈಪು. ಕಾರು ಮಗುಚಿದರೆ ತಲೆ ಉಳಿಸುವುದು ಅದು. ಇನ್ನೂ ಅಗಲದ್ದೊಂದನ್ನು ಬಾಗಿಸಿ ಕೊಡಲು ಬೈಕಂಪಾಡಿಯ ವರ್ಕ್‌ಶಾಪಿನವರು ಇಪ್ಪತ್ತು ದಿನ ಕೇಳಿದರು.

“ಇದು ಒಂದೇ ಪೈಪಿಂದು ಇರ್ಬೇಕು ಅಂತ ನಿಯಮ ಉಂಟು ಅಕ್ಕ,” ಎಂದ ತಮ್ಮ.

“ನಿನ್ನ ವೆಲ್ಡಿಂಗ್ ಗಟ್ಟಿ ಉಂಟಲ್ಲ,” ಎಂದೆ. ರಕ್ತ ಪರೀಕ್ಷೆ ಮಾಡುವ ನನಗೆ ಪೈಪಿನ ವಿಷಯ ಏನೂ ಗೊತ್ತಿರಲಿಲ್ಲವಾದ್ದರಿಂದ ಧೈರ್ಯವಾಗಿಯೇ ಹೇಳಿದೆ. ಅವನು ಕಮಾನನ್ನು ನೆತ್ತಿಯಲ್ಲಿ ಕತ್ತರಿಸಿ, ಒಂದು ಗೇಣು ತುಂಡು ಸೇರಿಸಿ, ಬೆಸುಗೆಯನ್ನು ಉಜ್ಜಿ ಬಣ್ಣ ಬಳಿದ. ಸೀಟನ್ನೂ ಅದೇ ಅಳತೆಗೆ ಅಗಲ ಮಾಡಿದ.

ಭಾನುವಾರ ಬೆಳಿಗ್ಗೆ ಅಮ್ಮ ತೆಂಗಿನಕಾಯಿ ಒಡೆದಳು. ನಾಲ್ಕು ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟೆವು. ಮಾವನನ್ನು ಒಳಗಿಳಿಸಲು ಮೂವರು ಬೇಕಾದರು. ಅವರು ಎರಡೂ ಕಡೆ ತಡವಿ ನೋಡಿ, “ಲಾಯ್ಕುಂಟು. ಇಲ್ಲೇ ಕೂತು ಊಟ ಮಾಡ್ಬಹುದು,” ಎಂದರು. ತಮ್ಮ ನಕ್ಕ. ಬೀದಿಯ ಕೊನೆಯವರೆಗೆ ಓಡಿಸಿದ್ದು ಅದಾದ ಮೇಲೆ.

ರೇಸಿನ ದಿನ ಕಾರು ಟೆಂಪೋದಲ್ಲಿ ಸುರತ್ಕಲ್‌ಗೆ ಹೋಯಿತು. ಮಾವ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು, ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾರುಗಳನ್ನು ತಪಾಸಣೆ ಮಾಡುವ ಅಧಿಕಾರಿ ಬ್ರೇಕ್ ನೋಡಿ ತಲೆಯಾಡಿಸಿದರು, ಬೆಲ್ಟ್ ನೋಡಿ ತಲೆಯಾಡಿಸಿದರು. ಆಮೇಲೆ ಕಮಾನಿನ ಮೇಲೆ ಬೆರಳು ಎಳೆದುಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು.

“ಇಲ್ಲಿ ಜೋಡಿಸಿದ್ದೀರಿ.”

“ಹೌದು ಸರ್.”

“ವೆಲ್ಡಿಂಗ್ ಬಹಳ ಚೆನ್ನಾಗಿದೆ. ಆದರೆ ಓಡಿಸಲು ಬಿಡುವ ಹಾಗಿಲ್ಲ.”

ತಮ್ಮ ಹೆಲ್ಮೆಟನ್ನು ಸೀಟಿನಲ್ಲಿಟ್ಟ. ಅದು ಆ ಅಗಲದಲ್ಲಿ ಉರುಳಿ ಮೂಲೆಗೆ ಹೋಯಿತು. ನನ್ನ ಕಡೆ ಅವನು ನೋಡಲಿಲ್ಲ, ಬೈದಿದ್ದರಾದರೂ ಚೆನ್ನಾಗಿತ್ತು. ನನಗೆ ಅಲ್ಲಿಯೇ ಅಳು ಬಂತು.

ಮಾವ ಎದ್ದು ಬಂದು, “ಎಂತ ಆಯ್ತು?” ಎಂದು ಕೇಳಿದರು.

“ಇಂಜಿನ್ ಸ್ಟಾರ್ಟ್ ಆಗುದಿಲ್ಲ ಮಾವ,” ಎಂದೆ.

ಇಂಜಿನ್ ಆ ಹೊತ್ತಿಗೆ ಬಂದ್ ಆಗಿತ್ತು. ಅಷ್ಟರ ಮಟ್ಟಿಗೆ ಅದು ನಿಜ.

ತಿಂಗಳು ಕಳೆದು ಮಾವ ಮನೆಗೆ ಬಂದರು. ಜಗಲಿಯಲ್ಲಿ ಕೂತು ತಮ್ಮನನ್ನು ಕರೆದರು. “ನೋಡು, ಒಂದು ಒಳ್ಳೆ ಇಂಜಿನ್ ನಾನು ತೆಗ್ಸಿ ಕೊಡ್ತೇನೆ. ಇನ್ನೊಮ್ಮೆ ಓಡ್ಸು. ಆದ್ರೆ ಆ ಸೀಟು, ಅದ್ರ ಹಿಂದಿನ ಪೈಪು ಎಂತದೂ ಮುಟ್ಬೇಡ ಮಾರಾಯ. ನಾನು ಕೂತ ಜಾಗ ಅದು.”

ರೇಸಿನ ದಿನದ ನಂತರ ಮೊದಲ ಸಲ ತಮ್ಮ ನನ್ನ ಮುಖ ನೋಡಿದ. ಹೇಳುವುದಿದ್ದರೆ ನಾನೇ ಹೇಳಬೇಕಿತ್ತು. ಮಾವನಿಗೆ ಚಾ ತರುತ್ತೇನೆಂದು ನಾನು ಒಳಗೆ ಹೋದೆ. “ಆಯ್ತು ಮಾವ,” ಎಂದು ಅವನು ಹೇಳಿದ್ದು ಅಡಿಗೆಮನೆಗೆ ಕೇಳಿಸಿತು.